ಕ್ಲೇಮು ಅವರ ಕೈಗೆ, ಹೊಣೆ ನಿಮ್ಮ ತಲೆಗೆ

ಓದುಗರ ಪ್ರಶ್ನೋತ್ತರ: ಕಚೇರಿ ಮತ್ತು ಕಾನೂನು

ಅಮೆರಿಕದಲ್ಲಿ ಕೆಲಸ ಹೋದವರು ನಿರುದ್ಯೋಗ ಭತ್ಯೆ ಕೇಳಿದಾಗ ಕಂಪನಿ ಸರ್ಕಾರಕ್ಕೆ ಉತ್ತರ ಕೊಡಬೇಕು. ಆ ಕೆಲಸವನ್ನು ಹೊರಗಿನ ಸಂಸ್ಥೆಗೆ, ಅಂದರೆ ಟಿಪಿಎಗೆ, ಒಪ್ಪಿಸುವ ಬಗ್ಗೆ ಈ ಸಲ ಸಾಲು ಸಾಲು ಪತ್ರಗಳು ಬಂದಿವೆ. ಟಿಪಿಎ ಎಂದರೆ ಬೆಂಗಳೂರಿನವರಿಗೆ ಆಸ್ಪತ್ರೆಯ ಕ್ಯಾಶ್‌ಲೆಸ್ ಕೌಂಟರ್ ನೆನಪಾಗುತ್ತದೆ. ಅದು ವಿಮಾ ಕಂಪನಿಯ ಪರ ಇರುವ ಟಿಪಿಎ. ಇಲ್ಲಿ ಹೇಳುತ್ತಿರುವುದು ಮಾಲೀಕರ ಪರವಾಗಿ ಅಮೆರಿಕದ ರಾಜ್ಯ ಸರ್ಕಾರಗಳ ಜೊತೆ ವ್ಯವಹರಿಸುವ ಟಿಪಿಎ ಬಗ್ಗೆ. ಪೀಣ್ಯದ ಒಂದು ಪತ್ರ ಮಾತ್ರ ನಮ್ಮ ಇಎಸ್‌ಐ ಕುರಿತದ್ದು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಡೆಲವೇರ್‌ನಲ್ಲಿ ನೋಂದಾಯಿಸಿದ ಅಂಗಸಂಸ್ಥೆಯ ಮೂಲಕ ಅಮೆರಿಕದಲ್ಲಿ 11 ಜನ ಇದ್ದಾರೆ: ಕ್ಯಾಲಿಫೋರ್ನಿಯಾದಲ್ಲಿ 4, ಟೆಕ್ಸಾಸ್‌ನಲ್ಲಿ 4, ವಾಷಿಂಗ್ಟನ್ ರಾಜ್ಯದಲ್ಲಿ 3. ಇತ್ತೀಚೆಗೆ ಇಬ್ಬರನ್ನು ತೆಗೆಯಬೇಕಾಯಿತು, ಕ್ಲೇಮಿನ ನೋಟಿಸುಗಳು ಬರತೊಡಗಿವೆ. ಒಂದು ಪವರ್ ಆಫ್ ಅಟಾರ್ನಿಗೆ ಸಹಿ ಹಾಕಿ ಟಿಪಿಎಗೆ ಕೊಟ್ಟುಬಿಡಿ, ಮರೆತುಬಿಡಿ ಎಂದು ಪೇರೋಲ್ ನೋಡುವವರು ಹೇಳುತ್ತಾರೆ. ಅಷ್ಟು ಸಾಕೇ?
– ಎಚ್‌ಎಸ್‌ಆರ್ ಬಡಾವಣೆಯ ಓದುಗರು

ಉತ್ತರ: ಒಂದು ಸಹಿ ಸಾಲದು, ಮರೆಯುವುದಂತೂ ಆಗದು.

ಅಮೆರಿಕದ ನಿರುದ್ಯೋಗ ವಿಮೆ 1935ರ ಸಾಮಾಜಿಕ ಭದ್ರತಾ ಕಾಯ್ದೆಯಿಂದ ಹುಟ್ಟಿದ್ದು. ಚೌಕಟ್ಟು ಕೇಂದ್ರದ್ದು, ಕ್ಲೇಮು ತೀರ್ಮಾನಿಸುವುದು ರಾಜ್ಯ. ಆದ್ದರಿಂದ ಮೂರು ರಾಜ್ಯಕ್ಕೆ ಮೂರು ಅಧಿಕಾರ ಪತ್ರ ಬೇಕು. ಕ್ಯಾಲಿಫೋರ್ನಿಯಾದ ಇಡಿಡಿ ಇಲಾಖೆಗೆ ಡಿಇ 48, ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್ನಿಗೆ ಸಿ-42, ವಾಷಿಂಗ್ಟನ್ನಿನ ಎಂಪ್ಲಾಯ್‌ಮೆಂಟ್ ಸೆಕ್ಯುರಿಟಿ ಇಲಾಖೆಗೆ ಅದರದೇ ನಮೂನೆ. ಪೇರೋಲ್ ಕಂಪನಿಗೆ ನೀವು ಈಗಾಗಲೇ ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ನ 8655 ನಮೂನೆ ಕೊಟ್ಟಿರಬಹುದು. ಅದು ರಿಟರ್ನ್ ಸಲ್ಲಿಸಲು, ತೆರಿಗೆ ಕಟ್ಟಲು. 2848 ಐಆರ್‌ಎಸ್ ಮುಂದೆ ಮಾತಾಡಲು. ಇವನ್ನು ತೋರಿಸಿದರೆ ರಾಜ್ಯದವರು ಕ್ಲೇಮಿನ ಕಡತ ತೆರೆಯುವುದಿಲ್ಲ. ಇನ್ನೊಂದು ಮಾತು: ಸೈಟು ಕೊಳ್ಳುವಾಗ ಜಿಪಿಎ ನೋಡಿದವರು ಛಾಪಾ ಕಾಗದ, ಸಬ್ ರಿಜಿಸ್ಟ್ರಾರ್ ಕಚೇರಿ ಎಂದು ಹೆದರುವುದುಂಟು. ಇಲ್ಲಿ ಅದ್ಯಾವುದೂ ಇಲ್ಲ, ರಾಜ್ಯದ ನಮೂನೆ ತುಂಬಿದರೆ ಆಯಿತು.

ತುಂಬುವಾಗ ಎಡವುವುದು ಸಣ್ಣ ಕಡೆಗಳಲ್ಲೇ. ಕಂಪನಿಯ ಹೆಸರು ಆ ರಾಜ್ಯದ ನೋಂದಣಿಯಲ್ಲಿ ಹೇಗಿದೆಯೋ ಹಾಗೇ ಇರಲಿ. ನೀವು ಮಾರುಕಟ್ಟೆಯಲ್ಲಿ ಬಳಸುವ ಹೆಸರು ಬೇಡ. ಕೇಂದ್ರ ಕೊಡುವ ಮಾಲೀಕರ ಗುರುತು ಸಂಖ್ಯೆ, ಅಂದರೆ ಎಫ್‌ಇಐಎನ್, ಒಂದೇ, ಆದರೆ ರಾಜ್ಯದ ಎಂಪ್ಲಾಯರ್ ಖಾತೆ ಸಂಖ್ಯೆ ಪ್ರತಿ ರಾಜ್ಯಕ್ಕೂ ಬೇರೆ. ಸಹಿ ಹಾಕುವವರು ಕಂಪನಿಯನ್ನು ಕಟ್ಟಿಹಾಕುವ ಅಧಿಕಾರ ಇರುವ ಪದಾಧಿಕಾರಿ ಆಗಿರಬೇಕು, ಬೆಂಗಳೂರಿನ ಎಚ್‌ಆರ್ ಮ್ಯಾನೇಜರ್ ಅಲ್ಲ. ಯಾವ ಯಾವ ವಿಷಯಕ್ಕೆ ಅಧಿಕಾರ ಎಂಬ ಚೌಕಗಳಿರುತ್ತವೆ: ತೆರಿಗೆ, ದರ, ಕ್ಲೇಮಿಗೆ ಉತ್ತರ, ಮೇಲ್ಮನವಿಯ ವಿಚಾರಣೆ. ತೆರಿಗೆಗಷ್ಟೇ ಗುರುತು ಹಾಕಿ ಕ್ಲೇಮಿನ ಚೌಕ ಖಾಲಿ ಬಿಟ್ಟರೆ, ಟಿಪಿಎ ಕಳಿಸಿದ ಉತ್ತರ ಅಪರಿಚಿತರ ಪತ್ರವಾಗುತ್ತದೆ.

ಇದಕ್ಕಿಂತ ದೊಡ್ಡ ಪೆಟ್ಟು ವಿಳಾಸದ್ದು. ಪ್ರತಿನಿಧಿಸುವ ಅಧಿಕಾರ ಬೇರೆ, ನೋಟಿಸು ಯಾರ ಮನೆಗೆ ಹೋಗಬೇಕು ಎಂಬುದು ಬೇರೆ. ಎಷ್ಟೋ ರಾಜ್ಯಗಳಲ್ಲಿ ತೆರಿಗೆ ಅಂಚೆಗೆ ಒಂದು ವಿಳಾಸ, ಕ್ಲೇಮಿನ ಅಂಚೆಗೆ ಇನ್ನೊಂದು ಇಡಬಹುದು. ಎರಡನೆಯದನ್ನು ಬದಲಿಸದೆ ಬಿಟ್ಟರೆ ಟಿಪಿಎ ಕಾಯುತ್ತಾ ಕೂರುತ್ತದೆ, ನೋಟಿಸು ಡೆಲವೇರ್‌ನ ಯಾವುದೋ ಏಜೆಂಟರ ಟ್ರೇಯಲ್ಲಿ ಮಲಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕೊನೆಯ ಮಾಲೀಕರಿಗೆ ಬರುವ ಡಿಇ 1101ಸಿಝಡ್ ನೋಟಿಸಿಗೆ 10 ದಿನ, ಹಳೆಯ ಸಂಬಳ ಲೆಕ್ಕಕ್ಕೆ ಹಿಡಿದ ಮಾಲೀಕರಿಗೆ ಬರುವ ಡಿಇ 1545ಕ್ಕೆ 15 ದಿನ, ಟೆಕ್ಸಾಸ್‌ನಲ್ಲಿ 14 ದಿನ. ಇವೆಲ್ಲ ರಜೆ, ಭಾನುವಾರ ಸೇರಿದ ದಿನಗಳು, ಎಣಿಕೆ ಶುರುವಾಗುವುದು ಅಂಚೆಗೆ ಹಾಕಿದ ದಿನದಿಂದ. 10 ದಿನದ ನೋಟಿಸು 3ನೇ ತಾರೀಖು ಹಾಕಿದ್ದು 8ಕ್ಕೆ ಏಜೆಂಟರಿಗೆ ಮುಟ್ಟಿ, ಸ್ಕ್ಯಾನ್ ಆಗಿ ಶನಿವಾರ-ಭಾನುವಾರ ಕಳೆದು 10ಕ್ಕೆ ನಿಮ್ಮ ಕಣ್ಣಿಗೆ ಬಿದ್ದರೆ ಉಳಿದದ್ದು ಮೂರೇ ದಿನ.

ಈಗ ‘ಮರೆತುಬಿಡಿ’ ಎಂಬ ಮಾತಿಗೆ. ಮಾಲೀಕರ ಅಥವಾ ಅವರ ಏಜೆಂಟರ ತಪ್ಪಿನಿಂದ ಉತ್ತರ ತಡವಾಗಿ ಅಥವಾ ಅರೆಬರೆಯಾಗಿ ಹೋಗಿ, ಕೊಡಬಾರದ ಭತ್ಯೆ ಕೊಟ್ಟಂತಾದರೆ, ಮತ್ತು ಹಾಗೆ ಮಾಡುವುದು ರೂಢಿಯಾಗಿದ್ದರೆ, ಆ ಖರ್ಚನ್ನು ಮಾಲೀಕರ ಖಾತೆಯಿಂದ ತೆಗೆಯಕೂಡದು ಎಂದು 2011ರ ಕೇಂದ್ರ ತಿದ್ದುಪಡಿ ರಾಜ್ಯಗಳನ್ನು ಕಟ್ಟಿಹಾಕಿದೆ. 2013ರ ಅಕ್ಟೋಬರ್‌ನಿಂದ ಇದು ಅನ್ವಯ. ಎಷ್ಟು ಸಲ ತಪ್ಪಿದರೆ ರೂಢಿ ಎಂಬುದನ್ನು ರಾಜ್ಯಗಳು ನಿಗದಿ ಮಾಡುತ್ತವೆ, ಮೊದಲ ತಪ್ಪಿಗೇ ಬರೆ ಎಳೆಯುವ ಕಠಿಣ ನಿಯಮಕ್ಕೂ ಅವಕಾಶವಿದೆ. ಮೇಲ್ಮನವಿಯಲ್ಲಿ ನೀವೇ ಗೆದ್ದರೂ ಹಣ ನಿಮ್ಮ ಲೆಕ್ಕದಲ್ಲೇ ಉಳಿಯುತ್ತದೆ. ‘ಏಜೆಂಟರ’ ಎಂಬ ಪದ ಕಾಯ್ದೆಯಲ್ಲೇ ಇದೆ. ಟಿಪಿಎ ತಡಮಾಡಿತು ಎಂಬುದು ರಾಜ್ಯದ ಮುಂದೆ ನೆಪವಾಗದು; ಅದು ನಿಮ್ಮ ಮತ್ತು ಟಿಪಿಎ ನಡುವಿನ ಕರಾರಿನ ಜಗಳ. ಕರಾರಿಗೆ ಸಹಿ ಹಾಕುವಾಗ ಆ ಸಾಲನ್ನು ಹುಡುಕಿ ಓದಿ.

ನಿಮ್ಮ 11 ಜನ ಪಿಇಒ (ನಿಮ್ಮ ಜೊತೆ ಸಹ-ಮಾಲೀಕನಾಗಿ ಸಂಬಳ, ತೆರಿಗೆ ನೋಡಿಕೊಳ್ಳುವ ಹೊರಗಿನ ಸಂಸ್ಥೆ) ಮೂಲಕ ಸಂಬಳ ಪಡೆಯುತ್ತಿದ್ದರೆ ಇನ್ನೊಂದು ತೊಡಕಿದೆ. ಕೆಲವು ರಾಜ್ಯಗಳಲ್ಲಿ ಖಾತೆ ಪಿಇಒ ಹೆಸರಲ್ಲಿರುತ್ತದೆ, ಕೆಲವೆಡೆ ನಿಮ್ಮ ಹೆಸರಲ್ಲಿ. ಖಾತೆ ಯಾರದ್ದೋ ಅವರದ್ದೇ ಸಹಿ ಬೇಕು.

ಪ್ರಶ್ನೆ: ಅಮೆರಿಕದಲ್ಲಿ ನೌಕರರಿರುವ ಕಕ್ಷಿದಾರರಿಗೆ ಟಿಪಿಎ ಶುಲ್ಕ ಕಟ್ಟುವುದು ಲಾಭವೇ ಎಂದು ಹೇಗೆ ಲೆಕ್ಕ ಹಾಕುವುದು? ‘ನಿಮ್ಮ ತೆರಿಗೆ ಇಳಿಸುತ್ತೇವೆ’ ಎಂದೇ ಎಲ್ಲರ ಜಾಹೀರಾತು.
– ರಾಜಾಜಿನಗರದ ಲೆಕ್ಕ ಪರಿಶೋಧಕರು

ಉತ್ತರ: ಮಾಜಿ ನೌಕರರು ಪಡೆದ ಭತ್ಯೆ ಹೆಚ್ಚಿದಷ್ಟೂ ಮಾಲೀಕರ ರಾಜ್ಯ ತೆರಿಗೆಯ ದರ ಏರುತ್ತದೆ, ಟಿಪಿಎಗಳ ಅನ್ನ ಹುಟ್ಟುವುದು ಅಲ್ಲೇ. ಆದರೆ ದರ ಏರಿದರೆ ಎಷ್ಟು ಡಾಲರ್ ಎಂಬುದನ್ನು ತೆರಿಗೆಗೆ ಒಳಪಡುವ ಸಂಬಳದ ಮಿತಿ ನಿರ್ಧರಿಸುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಬ್ಬ ನೌಕರನ ಮೊದಲ 7,000 ಡಾಲರಿಗಷ್ಟೇ ತೆರಿಗೆ. ಹೊಸ ಮಾಲೀಕರಿಗೆ ಶೇ 3.4, ಅಂದರೆ 238 ಡಾಲರ್. ಈಗಿರುವ ಎಫ್ ಪ್ಲಸ್ ಎಂಬ ದರಪಟ್ಟಿಯಲ್ಲಿ ಅತಿ ಹೆಚ್ಚೆಂದರೆ ಶೇ 6.2, ಅಂದರೆ 434 ಡಾಲರ್. ವ್ಯತ್ಯಾಸ 196. ಮೇಲಿನ ಪತ್ರದ ಕಂಪನಿಯ ನಾಲ್ಕು ಜನರಿಗೆ ವರ್ಷಕ್ಕೆ 784 ಡಾಲರ್, ಎಲ್ಲ ಕೆಟ್ಟರೂ ಅಷ್ಟೇ. ಟಿಪಿಎಯ ಕನಿಷ್ಠ ಶುಲ್ಕ ಇದನ್ನು ಮೀರಿದರೆ ಕಾಗದ ನೀವೇ ತುಂಬುವುದು ಮೇಲು. ವಾಷಿಂಗ್ಟನ್ನಿಗೆ ಬನ್ನಿ: 2025ರಲ್ಲಿ ಅಲ್ಲಿನ ಮಿತಿ 72,800 ಡಾಲರ್ ಇತ್ತು. ಎಂಜಿನಿಯರ್ ಸಂಬಳಕ್ಕೆ ಆ ಮಿತಿ ಪೂರ್ತಿ ತಗಲುತ್ತದೆ. ಆ ಲೆಕ್ಕಕ್ಕೆ ದರ ಶೇ 1 ಏರಿದರೆ ತಲೆಗೆ 728 ಡಾಲರ್, ಮೂವರಿಗೆ 2,184. ಕ್ಯಾಲಿಫೋರ್ನಿಯಾದಲ್ಲಿ ಅದೇ ಶೇ 1ಕ್ಕೆ ತಲೆಗೆ 70 ಡಾಲರ್. ಒಂದೇ ಕಂಪನಿಗೆ ಒಂದು ರಾಜ್ಯದಲ್ಲಿ ಟಿಪಿಎ ದುಂದು, ಇನ್ನೊಂದರಲ್ಲಿ ಉಳಿತಾಯ.

ಜಾಹೀರಾತಿನಲ್ಲಿ ಕಲಸಿಬಿಡುವ ಇನ್ನೊಂದು ತೆರಿಗೆ ಇದೆ, ಕೇಂದ್ರದ ನಿರುದ್ಯೋಗ ತೆರಿಗೆಯಾದ ಫ್ಯೂಟಾ. 7,000 ಡಾಲರಿಗೆ ಶೇ 6, ರಾಜ್ಯಕ್ಕೆ ಸರಿಯಾಗಿ ಕಟ್ಟಿದವರಿಗೆ ಶೇ 5.4ರವರೆಗೆ ವಿನಾಯಿತಿ, ಉಳಿಯುವುದು ಶೇ 0.6, ಅಂದರೆ 42 ಡಾಲರ್. ಕೇಂದ್ರದಿಂದ ಸಾಲ ಪಡೆದು ತೀರಿಸದ ರಾಜ್ಯಗಳಲ್ಲಿ ಈ ವಿನಾಯಿತಿ ಕರಗುತ್ತಾ ಹೋಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2024ಕ್ಕೆ ಶೇ 0.9 ಕಡಿತವಾಗಿ ತಲೆಗೆ 105 ಡಾಲರ್ ಬಿತ್ತು. ನಿಮ್ಮ ಕಕ್ಷಿದಾರರ ಮೇಲೆ ಒಂದೂ ಕ್ಲೇಮು ಇಲ್ಲದಿದ್ದರೂ ಅದು ತಪ್ಪುವುದಿಲ್ಲ. ಅದನ್ನು ಇಳಿಸುತ್ತೇವೆಂದು ಯಾವ ಟಿಪಿಎ ಹೇಳಿದರೂ ನಂಬಬೇಡಿ.

ಟಿಪಿಎ ನಿಜವಾಗಿ ಹಣ ಉಳಿಸುವುದು ಖರ್ಚಿನ ಪಟ್ಟಿ ಪರಿಶೀಲಿಸುವಾಗ: ಬೇರೆ ಕಂಪನಿಯ ನೌಕರ ನಿಮ್ಮ ಲೆಕ್ಕಕ್ಕೆ ಬಂದಿರುವುದು, ಈಗಾಗಲೇ ಅನರ್ಹರಾದವರ ಭತ್ಯೆ ಸೇರಿರುವುದು. ಕ್ಯಾಲಿಫೋರ್ನಿಯಾದ ವಾರ್ಷಿಕ ಪಟ್ಟಿ ಡಿಇ 428ಟಿ ಬಂದಾಗ ಆಕ್ಷೇಪಣೆಗೆ 60 ದಿನ ಇರುತ್ತದೆ. ಶುಲ್ಕ ಕ್ಲೇಮಿಗಿಷ್ಟು ಎಂದಿದ್ದರೆ ಎಲ್ಲ ಕ್ಲೇಮಿಗೂ ಆಕ್ಷೇಪಣೆ ಹಾಕುವ ಚಪಲ ಹುಟ್ಟುತ್ತದೆ. ಕೆಲಸವಿಲ್ಲವೆಂದು ನೀವೇ ತೆಗೆದವರ ಕ್ಲೇಮಿಗೆ ಆಕ್ಷೇಪಿಸುವುದು ವ್ಯರ್ಥ, ಅಷ್ಟೇ ಅಲ್ಲ, ಅಸಹ್ಯ ಕೂಡ. ಉತ್ತರ ಮಾತ್ರ ಕಳಿಸಲೇಬೇಕು: ದಿನಾಂಕ, ಕೊಟ್ಟ ಪರಿಹಾರ, ರಜೆಯ ಹಣ.

ಪ್ರಶ್ನೆ: ಅಮೆರಿಕದ ಟಿಪಿಎಗೆ ಕೆಲಸ ಮಾಡುವ ಇಲ್ಲಿನ ಕಚೇರಿಯಲ್ಲಿ ರಾತ್ರಿ ಪಾಳಿ ನನ್ನದು. ವಾರಕ್ಕೆ ಹಲವು ಉತ್ತರಗಳು ‘ಅಸಮರ್ಪಕ’ ಎಂದು ವಾಪಸಾಗುತ್ತವೆ. ಕೆಲವು ಕಂಪನಿಗಳ ಅಧಿಕಾರ ಪತ್ರ ಇದ್ದರೂ ಅವರ ಕ್ಲೇಮು ಸೈಡ್ಸ್‌ನಲ್ಲಿ ನಮಗೆ ಕಾಣುವುದೇ ಇಲ್ಲ. ಏನು ಕಾರಣ?
– ಎಲೆಕ್ಟ್ರಾನಿಕ್ ಸಿಟಿ, ಹೆಸರು ಬೇಡ

ಉತ್ತರ: ಎರಡನೆಯದನ್ನು ಮೊದಲು ನೋಡೋಣ. ಸೈಡ್ಸ್ ಎಂಬುದು ರಾಜ್ಯಗಳು ಮತ್ತು ಮಾಲೀಕರ ನಡುವೆ ಕ್ಲೇಮಿನ ಮಾಹಿತಿ ಸಾಗಿಸುವ ವಿದ್ಯುನ್ಮಾನ ಕೊಳವೆ. ಅದಕ್ಕೆ ಎರಡು ಬಾಯಿ. ಸಣ್ಣ ಮಾಲೀಕರು ಇ-ರೆಸ್ಪಾನ್ಸ್ ಜಾಲತಾಣದಲ್ಲಿ ಎಫ್‌ಇಐಎನ್, ರಾಜ್ಯ ಖಾತೆ ಸಂಖ್ಯೆ, ಪಿನ್ ಹಾಕಿ ಉತ್ತರಿಸುತ್ತಾರೆ. ನಿಮ್ಮಂಥ ಟಿಪಿಎ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಜೋಡಣೆ ಮಾಡಿಕೊಂಡಿರುತ್ತದೆ. ಆ ಜೋಡಣೆಯಲ್ಲಿ ಕಕ್ಷಿದಾರರ ಎಫ್‌ಇಐಎನ್ ಮತ್ತು ಖಾತೆ ಸಂಖ್ಯೆ ಸೇರಿರದಿದ್ದರೆ, ಅಧಿಕಾರ ಪತ್ರ ಎಷ್ಟೇ ಸರಿ ಇದ್ದರೂ ಕ್ಲೇಮು ನಿಮ್ಮ ಕಡೆ ಹರಿಯುವುದಿಲ್ಲ, ಹಳೆಯ ದಾರಿಯಲ್ಲೇ ಹೋಗುತ್ತದೆ. ಕಂಪನಿ ಇನ್ನೊಂದರ ಜೊತೆ ವಿಲೀನವಾಗಿ ಸಂಖ್ಯೆ ಬದಲಾಗಿದ್ದು, ಹಿಂದಿನ ಟಿಪಿಎಗೆ ಕೊಟ್ಟ ಅಧಿಕಾರ ರದ್ದಾಗದೆ ಉಳಿದದ್ದು: ಈ ಎರಡನ್ನು ಮೊದಲು ನೋಡಿ. ಹೊಸ ಪತ್ರ ಹಾಕಿದ ಮಾತ್ರಕ್ಕೆ ಹಳೆಯದು ತಾನಾಗಿ ಸಾಯುತ್ತದೆಂದು ತಿಳಿಯಬೇಡಿ. ರದ್ದತಿ ಪತ್ರ ಬೇರೆಯಾಗಿ ಕಳಿಸಿ, ಹೊಸದು ದಾಖಲಾಗುವವರೆಗೆ ಹಳೆ ವಿಳಾಸದ ಅಂಚೆಯನ್ನೂ ಕಕ್ಷಿದಾರರಿಂದ ತರಿಸಿಕೊಳ್ಳಿ.

ಇನ್ನು ‘ಅಸಮರ್ಪಕ’. ‘ಕಂಪನಿ ನೀತಿ ಉಲ್ಲಂಘನೆಗಾಗಿ ತೆಗೆಯಲಾಯಿತು’ ಎಂದು ಬರೆದರೆ ತೀರ್ಮಾನಿಸುವ ಅಧಿಕಾರಿಗೆ ಏನೂ ಸಿಕ್ಕಂತಾಗುವುದಿಲ್ಲ. ಅವರಿಗೆ ಬೇಕಾದದ್ದು ಕೊನೆಯ ಘಟನೆ. ಹೀಗೆ: ‘ಮಾರ್ಚ್ 4ರ ಬೆಳಗಿನ ಪಾಳಿಗೆ ಬರಲಿಲ್ಲ, ಫೋನೂ ಮಾಡಲಿಲ್ಲ. ಇದೇ ಕಾರಣಕ್ಕೆ ಫೆಬ್ರುವರಿ 10ರಂದು ಲಿಖಿತ ಎಚ್ಚರಿಕೆ ಕೊಟ್ಟಿದ್ದು, ಇನ್ನೊಮ್ಮೆಯಾದರೆ ಕೆಲಸ ಹೋಗುತ್ತದೆ ಎಂದು ಅದರಲ್ಲಿದೆ, ನೌಕರರ ಸಹಿ ಇದೆ. ನಿಯಮ ಪುಸ್ತಕ ಪಡೆದ ಸಹಿ ಇದೆ. ತೆಗೆಯುವ ನಿರ್ಧಾರ ಪಾಳಿ ಮೇಲ್ವಿಚಾರಕರದು.’ ಜೊತೆಗೆ ಸೇರಿದ ದಿನ, ಕೊನೆಯ ದಿನ, ಕೊನೆಯ ವಾರದ ಸಂಬಳ, ಬಿಡುವಾಗ ಕೊಟ್ಟ ಮೊತ್ತ. ಕೊನೆಯ ಘಟನೆಗೂ ತೆಗೆದ ದಿನಕ್ಕೂ ನಡುವೆ ವಾರಗಟ್ಟಲೆ ಅಂತರವಿದ್ದರೆ ಅದಕ್ಕೆ ಕಾರಣ ಬರೆಯಿರಿ. ಬರೆಯದಿದ್ದರೆ ಬೇರೇನೋ ಕಾರಣಕ್ಕೆ ತೆಗೆದರು ಎಂಬ ಅನುಮಾನ ಬರುತ್ತದೆ. ಕೆಲಸದಲ್ಲಿ ಕೈ ಸಾಗದಿರುವುದನ್ನು ದುರ್ವರ್ತನೆ ಎಂದು ಬರೆಯಬೇಡಿ. ಎರಡೂ ಬೇರೆ, ಅಧಿಕಾರಿಗಳಿಗೆ ಅದು ಚೆನ್ನಾಗಿ ಗೊತ್ತು. ಅತಿಶಯೋಕ್ತಿ ಮಾಡಿದ ಒಂದು ಉತ್ತರದಿಂದ ಮಿಕ್ಕವುಗಳ ನಂಬಿಕೆಯೂ ಹೋಗುತ್ತದೆ.

ಇನ್ನೂ ಕೆಲಸದಲ್ಲಿರುವವರ ಹೆಸರಲ್ಲಿ ಕ್ಲೇಮು ಬಂದರೆ, 2020ರ ನಂತರ ಇದು ಮಾಮೂಲಾಗಿದೆ, ಯಾರೋ ಗುರುತು ಕದ್ದಿರುವ ಸಾಧ್ಯತೆ ಹೆಚ್ಚು. ‘ಕೆಲಸದಲ್ಲಿದ್ದಾರೆ, ಕ್ಲೇಮು ಇವರದಲ್ಲ’ ಎಂದು ಗಡುವಿನೊಳಗೇ ಉತ್ತರಿಸಿ, ರಾಜ್ಯದ ವಂಚನೆ ವಿಭಾಗಕ್ಕೂ ತಿಳಿಸಿ. ನಗಣ್ಯವೆಂದು ಬದಿಗಿಟ್ಟರೆ ಭತ್ಯೆ ಹೊರಟುಹೋಗುತ್ತದೆ.

ನಿಮ್ಮ ಪಾಳಿಗೆ ಒಂದು ಸಮಾಧಾನ. ಚಳಿಗಾಲದಲ್ಲಿ ಬೆಂಗಳೂರಿನ 13ನೇ ತಾರೀಖು ಬೆಳಿಗ್ಗೆ 10 ಎಂದರೆ ಕ್ಯಾಲಿಫೋರ್ನಿಯಾದಲ್ಲಿ 12ರ ರಾತ್ರಿ 8.30. ಗಡುವು 13 ಆಗಿದ್ದರೆ ನಿಮ್ಮ ಹಗಲು ಪಾಳಿಯವರೂ ಅದನ್ನು ಮುಗಿಸಬಹುದು. ಸಾಮಾಜಿಕ ಭದ್ರತಾ ಸಂಖ್ಯೆಯ ಸ್ಕ್ರೀನ್‌ಶಾಟ್ ಮಾತ್ರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಕ್ಲೇಮಿನ ಮಾಹಿತಿಯ ಗೌಪ್ಯತೆಗೆ ಕೇಂದ್ರದ ಪ್ರತ್ಯೇಕ ನಿಯಮಾವಳಿಯೇ ಇದೆ.

ಪ್ರಶ್ನೆ: ಟೆಕ್ಸಾಸ್‌ನ ನೌಕರರೊಬ್ಬರನ್ನು ತೆಗೆಯುವ ನಿರ್ಧಾರ ನನ್ನದಾಗಿತ್ತು. ಮೇಲ್ಮನವಿಯ ವಿಚಾರಣೆ ಇದೆ. ಟಿಪಿಎ ಪ್ರತಿನಿಧಿ ಇರುತ್ತಾರಲ್ಲ, ನಾನೂ ಇರಬೇಕೇ?
– ಕೋರಮಂಗಲ

ಉತ್ತರ: ಇರಲೇಬೇಕು. ಪ್ರತಿನಿಧಿ ಪ್ರಶ್ನೆ ಕೇಳಬಲ್ಲರು, ದಾಖಲೆ ಮುಂದಿಡಬಲ್ಲರು. ಆದರೆ ಕಣ್ಣಾರೆ ಕಂಡವರು ನೀವು. ಕಡತ ಓದಿ ಹೇಳುವ ಪ್ರತಿನಿಧಿಯ ಮಾತು ಕೇಳಿದ ಮಾತಷ್ಟೇ. ಎದುರಿಗೆ ನೌಕರ ಪ್ರಮಾಣ ಮಾಡಿ ‘ಹಾಗಾಗಿಲ್ಲ’ ಎಂದರೆ ಆ ಮಾತೇ ಭಾರ. ವಿಚಾರಣೆ ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ. ಟೆಕ್ಸಾಸ್‌ನ ಬಹುಭಾಗದಲ್ಲಿ ಬೆಳಿಗ್ಗೆ 10 ಎಂದರೆ ಚಳಿಗಾಲದಲ್ಲಿ ಇಲ್ಲಿ ರಾತ್ರಿ 9.30, ಬೇಸಿಗೆಯಲ್ಲಿ 8.30. ನೋಟಿಸಿನಲ್ಲಿ ಹೇಳಿದ ಹಾಗೆ ಮುಂಚಿತವಾಗಿ ಹಾಜರಿ ತಿಳಿಸಿ, ಭಾರತದ ಸಂಖ್ಯೆಯಿಂದ ಸೇರುವುದು ಹೇಗೆಂದು ಮೊದಲೇ ಕೇಳಿಕೊಳ್ಳಿ. ದಾಖಲೆಗಳು ವಿಚಾರಣಾಧಿಕಾರಿಗೂ ಎದುರು ಪಕ್ಷಕ್ಕೂ ಮುಂಚೆಯೇ ತಲುಪಿರಬೇಕು. ಆ ಹೊತ್ತಿನಲ್ಲಿ ಮೊಬೈಲ್ ಪರದೆಯಲ್ಲಿ ತೋರಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ಡಲ್ಲಾಸ್‌ನಲ್ಲಿರುವ ನಮ್ಮ ಮಗಳಿಗೆ ಗ್ರೀನ್ ಕಾರ್ಡ್ ಇದೆ, ಕೆಲಸ ಹೋಯಿತು. ಕಂಪನಿಯ ಪತ್ರದಲ್ಲಿ ಯಾವುದೋ ಟಿಪಿಎ ಹೆಸರಿದೆ. ಅವಳು ಅವರಿಗೆ ಅರ್ಜಿ ಹಾಕಬೇಕೇ?
– ಜಯನಗರದ ದಂಪತಿ

ಉತ್ತರ: ಬೇಡ. ಅರ್ಜಿ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್ನಿಗೆ, ಅವಳೇ ನೇರವಾಗಿ ಹಾಕಬೇಕು. ಟಿಪಿಎ ಕಂಪನಿಯ ಕಡೆಯವರು, ಅವಳ ಹಣ ತಡೆಯುವ ಅಧಿಕಾರ ಅವರಿಗಿಲ್ಲ. ಕೊನೆಯ ಮಾಲೀಕರ ಹೆಸರು, ವಿಳಾಸ ಸರಿಯಾಗಿ ಕೊಡಲಿ. ಸಂಬಳದ ಚೀಟಿಯಲ್ಲಿರುವ ಕಾನೂನು ಹೆಸರು ಮುಖ್ಯ. ಬಿಟ್ಟ ಕಾರಣವನ್ನು ಇದ್ದಂತೆಯೇ ಬರೆಯಲಿ.

ಪ್ರಶ್ನೆ: ನಮ್ಮದು 35 ಜನರ ಮೆಷಿನ್ ಶಾಪ್. ಪಿಎಫ್, ಇಎಸ್‌ಐ ಎಲ್ಲ ಕನ್ಸಲ್ಟೆಂಟ್ ನೋಡುತ್ತಾರೆ. ಆರ್ಡರ್ ಇಲ್ಲದೆ ತೆಗೆದ ಕಾರ್ಮಿಕರೊಬ್ಬರು ಇಎಸ್‌ಐ ನಿರುದ್ಯೋಗ ಭತ್ಯೆಗೆ ಹೋದರೆ ಆಗುವುದಿಲ್ಲ ಎಂದರಂತೆ. ನಮ್ಮ ಖಾತೆಗೆ ಹೊರೆ ಬೀಳುತ್ತದೆ, ಬಿಡಿ ಎನ್ನುತ್ತಾರೆ ಕನ್ಸಲ್ಟೆಂಟ್.
– ಪೀಣ್ಯ 2ನೇ ಹಂತ

ಉತ್ತರ: ಕನ್ಸಲ್ಟೆಂಟ್ ಮಾತು ತಪ್ಪು. ಅಮೆರಿಕದಂತೆ ಇಲ್ಲಿ ಕ್ಲೇಮಿನಿಂದ ಮಾಲೀಕರ ದರ ಏರುವುದಿಲ್ಲ. ನಿಮ್ಮ ಪಾಲು ಶೇ 3.25, ಕಾರ್ಮಿಕರದು ಶೇ 0.75, ಎಷ್ಟು ಜನ ಭತ್ಯೆ ಪಡೆದರೂ ಅಷ್ಟೇ. ತಡೆಯಲು ನಿಮಗೆ ಕಾರಣವೇ ಇಲ್ಲ.

ಇಎಸ್‌ಐ ಈ ಭತ್ಯೆ ಕೊಡುವ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರ ಜುಲೈ 1ರಂದು ಶುರುವಾಯಿತು. ದಿನದ ಸರಾಸರಿ ಗಳಿಕೆಯ ಶೇ 25 ಇದ್ದದ್ದು 2020ರಲ್ಲಿ ಶೇ 50ಕ್ಕೆ ಏರಿತು, ಜೀವಮಾನದಲ್ಲಿ ಒಟ್ಟು 90 ದಿನದವರೆಗೆ. ಸರಾಸರಿ 600 ರೂಪಾಯಿ ಇದ್ದವರಿಗೆ ದಿನಕ್ಕೆ 300, ಒಟ್ಟು 27,000. ಕೆಲಸ ಹೋಗುವ ಮೊದಲು ಎರಡು ವರ್ಷ ವಿಮಾ ವ್ಯಾಪ್ತಿಯಲ್ಲಿರಬೇಕು. ಕೊನೆಯ ವಂತಿಗೆ ಅವಧಿಯಲ್ಲಿ (ಒಂದು ಅವಧಿ ಎಂದರೆ ಆರು ತಿಂಗಳು) 78 ದಿನ, ಹಿಂದಿನ ಮೂರು ಅವಧಿಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಕೆಲಸ ಹೋಗಿ 30 ದಿನವಾದ ಮೇಲೆ ಕಾರ್ಮಿಕರೇ ಅರ್ಜಿ ಹಾಕಬಹುದು, ಮಾಲೀಕರ ಮೂಲಕ ಹೋಗಬೇಕೆಂಬ ಷರತ್ತನ್ನು 2020ರಲ್ಲೇ ಸಡಿಲಿಸಿದರು. ಯೋಜನೆಯ ಅವಧಿ ಆಗಾಗ ವಿಸ್ತರಣೆ ಆಗುತ್ತದೆ, ಹಾಗಾಗಿ ಅರ್ಜಿಗೆ ಮೊದಲು ತಮ್ಮ ಶಾಖಾ ಕಚೇರಿಯಲ್ಲಿ ಕೇಳಲಿ. ಬಿನ್ನಿಪೇಟೆಯ ಪ್ರಾದೇಶಿಕ ಕಚೇರಿಗೆ ಅಲೆಯುವ ಅಗತ್ಯವಿಲ್ಲ.

ಹಾಗಾದರೆ ‘ಆಗುವುದಿಲ್ಲ’ ಎಂದದ್ದೇಕೆ? ನಮ್ಮ ಅನುಮಾನ ಕಾರಣ ಸಂಕೇತದ ಮೇಲೆ. ತಿಂಗಳ ವಂತಿಗೆ ತುಂಬುವಾಗ ಸೊನ್ನೆ ದಿನ ಹಾಕಿದವರಿಗೆ ಒಂದು ಸಂಕೇತ ಕೊಡಬೇಕು. 2 ಎಂದರೆ ತಾನೇ ಕೆಲಸ ಬಿಟ್ಟಿದ್ದು, 10 ಎಂದರೆ ಕೆಲಸವಿಲ್ಲದೆ ತೆಗೆದದ್ದು. ಎಲ್ಲರಿಗೂ ಕಣ್ಣುಮುಚ್ಚಿ 2 ಒತ್ತುವ ಅಭ್ಯಾಸ ಬಹಳ ಕಡೆ ಇದೆ, ತಾನಾಗಿ ಬಿಟ್ಟವರಿಗೆ ಭತ್ಯೆ ಇಲ್ಲ. ಕನ್ಸಲ್ಟೆಂಟ್ ಒತ್ತಿದ್ದು ನಿಮ್ಮ ಲಾಗಿನ್‌ನಲ್ಲಿ, ಆದ್ದರಿಂದ ಅದು ನಿಮ್ಮದೇ ಹೇಳಿಕೆ. ತೆಗೆದ ಪತ್ರದ ಪ್ರತಿ, ಕೊಟ್ಟ ಪರಿಹಾರದ ದಾಖಲೆ ಜೋಡಿಸಿ, ತಪ್ಪು ಸಂಕೇತ ಬಿದ್ದಿದೆ ಎಂದು ಕಂಪನಿಯ ಲೆಟರ್‌ಹೆಡ್‌ನಲ್ಲಿ ಶಾಖಾ ಕಚೇರಿಗೆ ನೀವೇ ಬರೆದುಕೊಡಿ. ಪೋರ್ಟಲಿಗೆ ಜೋಡಿಸಿದ ಮೊಬೈಲ್ ನಂಬರ್ ಕನ್ಸಲ್ಟೆಂಟರದಾಗಿದ್ದರೆ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಪ್ರತಿ ತಿಂಗಳು 15ರ ಗಡುವಿಗೆ ಮೊದಲು, ಸೊನ್ನೆ ದಿನದವರ ಪಟ್ಟಿಯನ್ನು ಸಂಕೇತದ ಕಾಲಂ ಸಮೇತ ತರಿಸಿ, ನೀವೇ ಒಮ್ಮೆ ಕಣ್ಣಾಡಿಸಿದ ಮೇಲೆ ಸಲ್ಲಿಸಲು ಹೇಳಿ.